ಕರೆಂಟ್ ಹೋದ್ರೂ ಕಾಣೋ ಪುಟ

ಕೊಪ್ಪಳದಾಗ ನಂದೊಂದು ಸಣ್ಣ ಕೆಲಸ ಐತಿ. ನಮ್ಮ ಕಡೆ ಅಂಗಡಿ, ಸಾಲಿ, ರೈಸ್‌ಮಿಲ್‌ನವ್ರ ವೆಬ್‌ಸೈಟ್ ಕೆಡದಂಗ ನೋಡ್ಕೊಳ್ಳೋದು. "ಕುಂತು ಬಟನ್ ಒತ್ತೋದು, ನಿಂದೇನವ್ವ ಆರಾಮ" ಅಂತಾರ ಮಂದಿ. ಒಂದಿನ ಬಂದು ಒತ್ರಿ, ಗೊತ್ತಾಗತೈತಿ.

ಅವತ್ತು ಬಂದವ್ರು ಇಟಗಿ ಕಡಿಯ ಒಬ್ಬ ರೈತರು, ನಮ್ಮಪ್ಪನ ವಾರಿಗಿಯವ್ರು. ಕುಂಡ್ರಿ ಅಂದ್ರ ಕುಂಡ್ರಲಿಲ್ಲ. ಫೋನ್ ಮುಂದ ಹಿಡಿದು, "ಯವ್ವಾ, ಇದನ್ನ ತಗಸಬೇಕಾಗೈತಿ" ಅಂದ್ರು. ನಾನು ನೋಡ್ಕೊಳ್ಳೋ ಒಂದು ವಧು-ವರರ ಕೇಂದ್ರದ ಪುಟ ಅದು. ಹಸಿರು ಸೀರಿ ಉಟ್ಟ ಹುಡುಗಿ, ನಗು ತಡಕೊಂಡು ನಿಂತಾಳ. ಕೆಳಗ ಆಕಿನ ಬರದಿದ್ದು: "ರೊಟ್ಟಿ ಛಲೋ ಬಡಿತೀನಿ. ಸಿಟ್ಟು ಸ್ವಲ್ಪ ಜಾಸ್ತಿ." ಅದರ ಕೆಳಗ ಇವ್ರ ಫೋನ್ ನಂಬರು.

"ಲಗ್ನ ಗೊತ್ತಾತೇನ್ರಿ ಕಾಕಾ?" ಅಂದೆ, ನಕ್ಕೋತ.

"ತೀರಿಕೊಂಡ್ಳವ್ವ. ಡೆಂಗ್ಯೂ ಆಗಿತ್ತು."

ನನ್ನ ಬಾಯಾಗ ಮಣ್ಣು ಹಾಕ. ಕುರ್ಚಿ ಸರಿಸಿಕೊಟ್ಟೆ, ಆಗ ಕುಂತ್ರು.

ಮಗಳು ಹೋಗಿ ತಿಂಗಳುಗಟ್ಟಲೆ ಆದ್ರೂ ವರನ ಕಡೆಯವ್ರ ಫೋನ್ ನಿಂತಿಲ್ಲಂತ. ಕುಷ್ಟಗಿ ಕಡೆಯವ್ರು ಫೋನೂ ಮಾಡಲಾರದ ಗಾಡಿ ಮಾಡ್ಕೊಂಡು ಕನ್ಯಾ ನೋಡಾಕ ಬಂದಬಿಟ್ರಂತ. "ನಮ್ಮಾಕಿ ಅವ್ರಿಗೆ ನೀರು ಕೊಟ್ಟು, ಚಹಾ ಕೊಟ್ಟು, ಆಮ್ಯಾಲೆ ಹೇಳಿದ್ಳು. ಬಂದ ಮುದುಕಿ ಕಪ್ ಕೆಳಗಿಟ್ಟು ನಮ್ಮಾಕಿನ್ನ ತಬ್ಬಿಕೊಂಡು ಅತ್ಲವ್ವ. ಇನ್ನೊಮ್ಮೆ ನಮ್ಮಾಕಿಗೆ ಹಂಗ ಹೇಳೋ ಹೊತ್ತು ಬರಬಾರದು."

ಕೇಂದ್ರದ ಮಾಲೀಕನಿಗೆ ಫೋನ್ ಹಚ್ಚಿದೆ. "ನಾವು ಎಂದೋ ತಗದೀವ್ರಿ ಮೇಡಂ, ನಿಮ್ಮ ಕಡೇನ ಏನೋ ಐತಿ ನೋಡ್ರಿ" ಅಂದ. ನನಗ ಉರಿದು ಹೋತು. ಮೂಲ ಪುಟ ಇರೋ ಹಿಂದಿನ ಸರ್ವರ್ ತಗದು ನೋಡಿದ್ರ ಅಂವ ಹೇಳಿದ್ದು ಖರೇನ. ಅಲ್ಲಿ ಆ ಪುಟ ಇಲ್ಲ. ಮಂದಿಗೆ ತೋರಿಸೋ ಮುಂದಿನ ಸರ್ವರ್‌ನಿಂದ ನೋಡಿದ್ರ ಹುಡುಗಿ ಹಂಗ ನಿಂತಾಳ.

ಮುಂದಿನದಕ್ಕ ರಿವರ್ಸ್ ಪ್ರಾಕ್ಸಿ ಅಂತೀವಿ. ಪಡಸಾಲ್ಯಾಗ ನಿಂತು, ಬಂದವ್ರು ಕೇಳಿದ್ದನ್ನ ಒಳಗಿಂದ ತಂದುಕೊಡೋ ಆಳಿದ್ದಂಗ. ಒಮ್ಮೆ ತಂದದ್ದರ ಒಂದು ಪ್ರತಿ ತನ್ನ ಕಡೇನ ಇಟ್ಕೊಂತೈತಿ, ಅದ ಕ್ಯಾಶ್. ಹಿಂದಿನ ಸರ್ವರ್ ಇದ್ದದ್ದು ಮಾಲೀಕನ ಆಫೀಸಿನ್ಯಾಗ. ಅಲ್ಲಿ ಕರೆಂಟ್ ಯಾವಾಗ ಬರತೈತಿ, ಯಾವಾಗ ಹೋಗತೈತಿ ದೇವರಿಗೇ ಗೊತ್ತು. "ಕರೆಂಟ್ ಹೋದ್ರೂ ಕನ್ಯಾ ಕಾಣಬೇಕ್ರಿ" ಅಂತ ಅಂವ ಗಂಟುಬಿದ್ದಿದ್ದ. ಅದಕ್ಕ, ಒಳಗಿಂದ ಏನೂ ಸಿಗದಿದ್ರ ಹಳೇ ಪ್ರತಿ ತೋರಿಸು ಅಂತ ಅದರ ಸೆಟ್ಟಿಂಗ್‌ನ್ಯಾಗ ಬರದಿದ್ವಿ. ಕರೆಂಟ್ ಹೋಗಿ ಸಿಗದಿದ್ದದ್ದಕ್ಕೂ, ಅಳಿಸಿದ್ದಕ್ಕ ಸಿಗದಿದ್ದದ್ದಕ್ಕೂ ಅದು ಫರಕ್ ಮಾಡ್ತಿರಲಿಲ್ಲ.

ಆದ್ರೂ ನನಗೊಂದು ತಿಳೀಲಿಲ್ಲ. ಒಂದೆರಡು ವಾರ ಯಾರೂ ತಗೀದಿದ್ರ ಕ್ಯಾಶ್ ಆ ಪ್ರತಿನ್ನ ತಾನ ಬಿಸಾಕತೈತಿ. ಇದು ತಿಂಗಳುಗಟ್ಟಲೆ ಉಳಿದೈತಿ ಅಂದ್ರ ಯಾರೋ ಬಿಡದ ತಗೀತಾರ. ಯಾರು ಯಾವಾಗ ಬಂದು ಯಾವ ಪುಟ ನೋಡಿದ್ರು ಅಂತ ಸರ್ವರ್ ಬರದಿಡೋ ಲಾಗ್ ನೋಡಿದೆ. ವರ ಹುಡುಕೋರು ಅವಾಗೊಮ್ಮೆ ಇವಾಗೊಮ್ಮೆ ಬಂದಿದ್ರು. ಒಂದು ಫೋನ್ ಮಾತ್ರ ದಿನಾ ನಸುಕಿನ್ಯಾಗ, ಇದೊಂದ ಪುಟಕ್ಕ. ಅದು ಯಾವ ಕಂಪನಿ ಫೋನ್ ಅನ್ನೋದೂ ಲಾಗ್‌ನ್ಯಾಗಿತ್ತು. ಹೇಳಿದೆ.

ಕಾಕಾ ತಲಿ ಕೆಳಗ ಹಾಕಿದ್ರು. "ಅದು ನನ್ನ ಮಗಳ ಫೋನು. ಈಗ ಅವ್ರವ್ವನ ಕಡೆ ಐತಿ."

ಲಗ್ನ ಆಗದ ಹುಡುಗಿ ಹೋದ್ರ ಫೋಟೋ ಗ್ವಾಡಿಗೆ ಹಾಕೋ ರೂಢಿ ಅವ್ರ ಮನ್ಯಾಗ ಇಲ್ಲಂತ. ಹಿರ್ಯಾರ ಮಾತು ಕೇಳಿ ಇದ್ದ ಫೋಟೋ ಎಲ್ಲಾ ಹೊಳಿಗೆ ಬಿಟ್ಟಿದ್ರು. ಫೋನಿನ್ಯಾಗಿನವನ್ನೂ ಕಾಕಾನ ಅಳಿಸಿದ್ರು. ಉಳಿದದ್ದು ಇದೊಂದ. ಒಲಿ ಹಚ್ಚೋಕಿಂತ ಮೊದಲು ಆ ತಾಯಿ ಮಗಳ ಮಾರಿ ನೋಡ್ತಿದ್ಲು. ಆಕಿ ನೋಡ್ತಿದ್ದಕ್ಕ ಪುಟ ಉಳಿದಿತ್ತು, ಪುಟ ಉಳಿದದ್ದಕ್ಕ ಕುಷ್ಟಗಿಯವ್ರು ಬಂದಿದ್ರು.

ನನ್ನ ಕೈ ಕೀಬೋರ್ಡ್ ಮ್ಯಾಲಿತ್ತು. ಒಂದ ಸಾಲು ತಿದ್ದಿ ಕ್ಯಾಶ್ ಖಾಲಿ ಮಾಡಿದ್ರ ಮುಗೀತು. ಒತ್ತಾಕ ಆಗಲಿಲ್ಲ. "ಏನ್ ಮಾಡ್ಲಿ ಕಾಕಾ?" ಅಂದೆ.

ಹೆಗಲ ಮ್ಯಾಲಿನ ಟವಲ್‌ಲೆ ಮಾರಿ ಒರಸಿಕೊಂಡು, "ಅಳಸವ್ವ" ಅಂದ್ರು. "ಮೊದಲ ಇದನ್ನ ದೊಡ್ಡದು ಮಾಡಿಕೊಡು. ಕೆಳಗ ಬರದಾಳಲ್ಲ, ಅದೂ ಇರಲಿ."

"ಹಿರ್ಯಾರು?"

"ಹಿರ್ಯಾರು ಏನರ ಅನ್ಲಿ ಬಿಡು. ದಿನಾ ಆಕಿ ಬಾಜೂಕ ಮಲಗಿ ಏಳೋನು ನಾನು. ಆಕಿ ನಸುಕಿನ್ಯಾಗ ಇದನ್ನ ನೋಡೋದು ನನಗ ಗೊತ್ತ ಆಗಿಲ್ಲ."

ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಕಾಕಾನ್ನ ಯಲಬುರ್ಗಾ ಬಸ್ಸಿಗೆ ಹತ್ತಿಸಿ ಬಂದೆ. ಫೋನ್ ನಂಬರ್ ಮಾತ್ರ ಕತ್ತರಿಸಿದ್ದೆ. ಸಂಜಿಮುಂದ ಫೋನ್ ಮಾಡಿದ್ರು. "ಅಡಗಿ ಮನ್ಯಾಗ, ಒಲಿ ಎದುರಿಗೆ ಮೊಳಿ ಹೊಡದೀನವ್ವ." ಹಿಂದ ಹೆಣ್ಣುಮಗಳೊಬ್ಬಾಕಿ ಅಳೋದು ಕೇಳ್ತಿತ್ತು. ಫೋನ್ ಇಟ್ಟ ಮ್ಯಾಲೆ ಆ ಪುಟ ಅಳಿಸಿದೆ. ನಾನೂ ಅತ್ತೆ, ಯಾಕ ಸುಳ್ಳು ಹೇಳ್ಲಿ.

ಮರುದಿನ ನಸುಕಿನ್ಯಾಗ ಲಾಗ್ ತಗದು ಕುಂತೆ. ಹೊತ್ತು ಏರಿ ಬಿಸಿಲು ಒಳಗ ಬಂತು. ಆ ಫೋನ್ ಪುಟ ಹುಡುಕ್ಕೊಂಡು ಬರಲಿಲ್ಲ.