ಒಂಟಿ ಪಿಟೀಲಿಗೆ ಕೆಳದನಿ

ಸಂಗೀತಶಾಲೆಯಲ್ಲಿ ಎಲ್ಲರೂ ಅವಳನ್ನು ಪಿಯಾನೋ ಅಕ್ಕ ಎಂದೇ ಕರೆಯುತ್ತಿದ್ದರು. ಪರೀಕ್ಷೆಗೆ ನಿಂತ ಮಕ್ಕಳ ಹಿಂದೆ ಇಪ್ಪತ್ತಾರು ವರ್ಷ ಪಿಯಾನೋ ನುಡಿಸಿದವಳು. ಮಗು ಓಡಿದರೆ ತಾನೂ ಓಡಿ, ಎಡವಿದರೆ ತಾನೂ ಎಡವಿ, ಪರೀಕ್ಷಕರಿಗೆ ತಿಳಿಯದ ಹಾಗೆ ದಡ ಮುಟ್ಟಿಸುವುದರಲ್ಲಿ ಅವಳದು ಎತ್ತಿದ ಕೈ. ಮದುವೆಯಾಗಲಿಲ್ಲ. ಅಣ್ಣ ಅತ್ತಿಗೆಯ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು.

ಅಣ್ಣ ಪಿಟೀಲುಗಾರ. ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವನ ಎಡಗೈಯ ಕೊನೆಯ ಎರಡು ಬೆರಳುಗಳಿಗೆ ಜೋಮು ಹಿಡಿದದ್ದು ಬಿಡಲೇ ಇಲ್ಲ. ಅವನಿಗೆ ಪ್ರಾಣವಾಗಿದ್ದದ್ದು ಮುನ್ನೂರು ವರ್ಷ ಹಳೆಯ ಒಂದು ಕೃತಿ. ಅದಕ್ಕೆ ಪಕ್ಕವಾದ್ಯವೇ ಇಲ್ಲ. ಒಂದೇ ಪಿಟೀಲು ಎರಡು ಮೂರು ತಂತಿ ಒಟ್ಟಿಗೆ ಹಿಡಿದು, ತಾನೇ ಹಾಡಿ ತಾನೇ ಜೊತೆಗೂಡಬೇಕು. ಈಗ ಮೇಲಿನ ದನಿಯಷ್ಟೇ ಅವನ ಕೈಗೆಟುಕುತ್ತಿತ್ತು.

"ಕೆಳಗಿನ ದನೀನ ನೀನು ಪಿಯಾನೋಗೆ ಹೊಸದಾಗಿ ಬರಿ, ಪುಟ್ಟಿ. ಇಬ್ರೂ ಸೇರಿ ಮಾಡೋಣ," ಅಂದ.

ದಿನಾ ಸಂಜೆ ಎರಡು ಗಂಟೆ. ಪಕ್ಕದವರು ಗೊಣಗುತ್ತಾರೆಂದು ಕಿಟಕಿ ಮುಚ್ಚಿದ ಕೋಣೆ. ಪಿಯಾನೋಗೂ ಗೋಡೆಗೂ ನಡುವೆ ಅವಳ ಸ್ಟೂಲು. ಅವಳು ಹೊರಬರಬೇಕಾದರೆ ಅಣ್ಣ ಮೊದಲು ಏಳಬೇಕು. ಅವಳು ಪೆನ್ಸಿಲಿನಲ್ಲಿ ಬರೆಯುವಳು, ಅವನು ಕಮಾನಿನ ತುದಿಯಿಂದ ತೋರಿಸುವನು: "ಇಲ್ಲಿ ಜಾಸ್ತಿ ಮಾತಾಡ್ತು. ಅಳಿಸು."

ಐದನೇ ತಿಂಗಳಲ್ಲಿ ಬೇರೊಂದು ಊರಿನ ಶಾಲೆಯಿಂದ ಅವಳಿಗೆ ಕಾಗದ ಬಂತು. ಮಕ್ಕಳ ಗಾಯನಕ್ಕೆ ಶಿಕ್ಷಕಿ ಬೇಕು, ಇರಲು ಪುಟ್ಟ ಮನೆಯೂ ಇದೆ. ಮನೆಯ ವಿಷಯ ಬರೆದಿದ್ದ ಸಾಲನ್ನು ಅವಳು ಎರಡು ಸಲ ಓದಿದಳು.

ಅತ್ತಿಗೆ ಬಟ್ಟೆ ಮಡಿಸುತ್ತಾ ಹೇಳಿದಳು: "ಹೋಗು, ಬೇಡ ಅನ್ನಲ್ಲ. ಆದ್ರೆ ನೀನು ಹೋದ್ರೆ ಇವರು ಆ ಪಿಟೀಲು ಪೆಟ್ಟಿಗೆ ಮತ್ತೆ ತೆಗೆಯಲ್ಲ ಕಣೆ."

ಕೈಯಲ್ಲಿರುವುದನ್ನು ಮುಗಿಸಿ ಬರುತ್ತೇನೆ ಎಂದು ಅವಳು ಆ ಶಾಲೆಗೆ ಬರೆದಳು. ಕೆಲಸವೋ, ಹನುಮಂತನ ಬಾಲ.

ಎಂಟನೇ ತಿಂಗಳ ಒಂದು ಸಂಜೆ ಅಣ್ಣ ನಾಲ್ಕು ಸ್ವರ ಗುನುಗಿದ. "ಇಲ್ಲಿ ಹೀಗೆ ಇಳೀಬೇಕು ನೋಡು."

ಅವಳ ಪೆನ್ಸಿಲು ನಿಂತಿತು. ಸ್ವರದ ಹಾಳೆಯ ಅದೇ ಜಾಗದಲ್ಲಿ, ಅಳಿಸಿದ ಕಲೆಯ ಅಡಿಯಲ್ಲಿ, ಅದೇ ನಾಲ್ಕು ಸ್ವರ ಮಸುಕಾಗಿ ಕಾಣುತ್ತಿತ್ತು.

"ಅಣ್ಣಾ, ಇದನ್ನ ನಾನು ಎರಡು ತಿಂಗಳ ಹಿಂದೇನೇ ಬರೆದಿದ್ದೆ. ನೀನೇ ಅಳಿಸು ಅಂದೆ."

ಅವನು ಕಮಾನಿನ ತಿರುಪು ಸಡಿಲಿಸುತ್ತಾ ಕೂತ. "ಮುಗಿದ್ರೆ ನೀನು ಹೋಗ್ತೀಯಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ದಾರಿ ಬಿಡು," ಅಂದಳು. ಅವನು ಎದ್ದು ಪಕ್ಕಕ್ಕೆ ನಿಂತ. ಅವಳು ಮಾತ್ರ ಏಳಲಿಲ್ಲ. ಜೀವಮಾನವೆಲ್ಲ ಬೇರೆಯವರು ಬರೆದದ್ದನ್ನೇ ನುಡಿಸಿದವಳು. ಆ ನಾಲ್ಕು ಸ್ವರ ಅವಳವು, ಚೆನ್ನಾಗಿಯೂ ಇದ್ದವು. ಅಣ್ಣನಿಗಿಂತ ಬಿಗಿಯಾಗಿ ಅವೇ ಅವಳನ್ನು ಹಿಡಿದಿದ್ದವು.

"ಕೂತ್ಕೋ. ಇನ್ಮೇಲೆ ಏನು ಅಳಿಸ್ಬೇಕು ಅನ್ನೋದು ನಾನು ಹೇಳ್ತೀನಿ," ಅಂದಳು.

ಮೂರು ವಾರದಲ್ಲಿ ಮುಗಿಯಿತು. ಅಷ್ಟರಲ್ಲಿ ಆ ಊರಿನ ಶಾಲೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಸಂಗೀತಶಾಲೆಯ ಸಭಾಂಗಣದಲ್ಲಿ ನಲವತ್ತು ಜನರ ಮುಂದೆ ನುಡಿಸಿದರು. ಅಣ್ಣನ ಕೈ ಕುಲುಕಲು ಜನ ಸಾಲು ನಿಂತರು. ಪಿಯಾನೋ ಶ್ರುತಿ ಮಾಡುವ ಮುದುಕ ಮಾತ್ರ ಅವಳ ಬಳಿ ಬಂದು, "ಕೆಳಗಿಂದು ಯಾರು ಬರೆದಿದ್ದಮ್ಮಾ?" ಎಂದು ಕೇಳಿದ.

"ಇಬ್ರೂ," ಅಂದಳು.

ಮನೆಯ ದಾರಿಯಲ್ಲಿ ಅಣ್ಣ ಮೆಲ್ಲಗೆ ಹೇಳಿದ: "ಇನ್ನೊಂದಿದೆ, ಪುಟ್ಟಿ. ಇದಕ್ಕಿಂತ ಉದ್ದ."

ತಿರುವಿನಲ್ಲಿ ಅವಳು ಸ್ವರದ ಹಾಳೆಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

"ನಾಳೆ ಆಗಲ್ಲ."

"ನಾಡಿದ್ದು?"

"ಹೂಂ, ನಾಡಿದ್ದು."