ಅಕ್ಕನ ಬಿಲ್ಲೆ ಬಿಚ್ಚಿಟ್ಟು ತುಮಕೂರಿಗೆ ಹೋದದ್ದು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ತವರಿನಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಎಂದರೆ ಮೊದಲು ನಗುತ್ತಿದ್ದವಳು ನಾನೇ. ಕುಣಿಗಲ್ಲಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದ್ದೇನೆ, ಹುಲಿಯೂರುದುರ್ಗದ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಈಗ ನಂಬಿಕೆ ಬಂದಿದೆ ಎಂದು ಸಾರುವುದಕ್ಕೂ ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೆ ಏನಾದರೂ ಹೊಳೆದರೆ ನನಗಿಂತ ನೀವು ವಾಸಿ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನನಗೆ ಹೊಟ್ಟೆಕಿಚ್ಚು ಜಾಸ್ತಿ, ಅದೂ ಸತ್ತವಳ ಮೇಲೆ. ನಾನು ನಮ್ಮ ಮನೆಯವರಿಗೆ ಎರಡನೆಯ ಹೆಂಡತಿ. ಮೊದಲನೆಯವಳು ಗಿರಿಜ, ಗುಬ್ಬಿಯ ಹುಡುಗಿ. ಮದುವೆಯಾಗಿ ಎರಡು ವರ್ಷ ತುಂಬುವಷ್ಟರಲ್ಲಿ ಡೆಂಗಿ ಜ್ವರ ಬಂದು ತೀರಿಕೊಂಡಳು. ಬದುಕಿರುವ ಸವತಿಯಾಗಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು. ಇವಳೋ ನಡುಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡು ನಗುತ್ತಾ ಕೂತಿದ್ದಾಳೆ. ಅವಳಿಗೆ ವಯಸ್ಸಾಗುವುದಿಲ್ಲ, ಸೊಂಟ ದಪ್ಪವಾಗುವುದಿಲ್ಲ, ಹುಳಿಗೆ ಉಪ್ಪು ಹೆಚ್ಚಾಗುವುದಿಲ್ಲ. ನಾನು ಏನು ಮಾಡಿದರೂ ಅತ್ತೆ ಒಂದು ಸಲ ಆ ಫೋಟೋ ಕಡೆ ನೋಡಿಯೇ ರುಚಿ ಹೇಳುತ್ತಿದ್ದರು.

ಇದು ಸಾಲದು ಎಂಬಂತೆ ಕತ್ತಿನಲ್ಲೂ ಅವಳೇ. ಎರಡನೆಯ ಸಂಬಂಧವಾಗಿ ಬಂದವಳು ತನ್ನ ತಾಳಿಯ ಪಕ್ಕದಲ್ಲಿ ಮೊದಲನೆಯವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆ ಹಾಕಿಕೊಳ್ಳಬೇಕು ಎನ್ನುವುದು ನಮ್ಮವರಲ್ಲಿ ಕೆಲವು ಮನೆಗಳ ಪದ್ಧತಿ. ನಮ್ಮ ಮನೆಯಲ್ಲಿ ಅದನ್ನು ಅಕ್ಕನ ಬಿಲ್ಲೆ ಎನ್ನುತ್ತಾರೆ. ಹೂವು ತಂದರೆ ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ನಾನು ಮುಡಿಯಬೇಕು. ಹೊಸ ಸೀರೆಯಾದರೂ ಅಷ್ಟೇ. ಒಂದು ಮೊಳ ಮಲ್ಲಿಗೆಯೂ ನೇರವಾಗಿ ನನ್ನ ಪಾಲಿಗೆ ಬಂದದ್ದಿಲ್ಲ. ಸ್ನಾನ ಮಾಡುವಾಗ ಆ ಬಿಲ್ಲೆ ಎದೆಗೆ ತಣ್ಣಗೆ ತಾಕಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಯಾಗಿ ಒಂದು ವರ್ಷವಾದಾಗ ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ಹಟ ಹಿಡಿದೆ. ನಮ್ಮ ಶಾಲೆಯ ಟೀಚರುಗಳೆಲ್ಲ ಊಟಿ, ಗೋವಾ ಎಂದು ಸ್ಟೇಟಸ್ ಹಾಕುತ್ತಿದ್ದರು. ನಮ್ಮವರದು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ. ಬೇಸಿಗೆಯಲ್ಲಿ ಬಾಗಿಲು ಹಾಕಿದರೆ ರೈತರು ಮನೆಗೇ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅವರ ದೊಡ್ಡಪ್ಪನ ಮಗ, ತಾನು ಹೆಂಡತಿಯ ಊರಿಗೆ ಹೋಗುತ್ತಿದ್ದೇನೆ, ಶೆಟ್ಟಿಹಳ್ಳಿಯ ಮನೆ ಖಾಲಿ ಇರುತ್ತದೆ, ಬಂದು ಇದ್ದು ಹೋಗಿ ಎಂದ. ನಾನು ತುಮಕೂರನ್ನು ಸರಿಯಾಗಿ ನೋಡಿದವಳೇ ಅಲ್ಲ. ಎರಡು ಮೂರು ಸಲ ಹೋಗಿದ್ದರೂ ಬಸ್ ಸ್ಟ್ಯಾಂಡು, ಜವಳಿ ಅಂಗಡಿ ಮುಗಿಸಿ ವಾಪಸು ಬಂದದ್ದು. ನಮ್ಮೂರಿನಿಂದ ನೋಡಿದರೆ ಅದೂ ದೊಡ್ಡ ಪಟ್ಟಣವೇ. ನಮ್ಮವರು ಮಾತ್ರ ಯಾಕೋ ಹಿಂದೆಮುಂದೆ ನೋಡಿದರು.

"ತುಮ್ಕೂರೇ ಆಗ್ಬೇಕಾ? ಮೈಸೂರಿಗೆ ಹೋಗಿ ಸಂಜೀಕೆ ಬಂದ್ಬುಡಾಣ" ಎಂದರು. ಸೋಮಾರಿತನ ಎಂದುಕೊಂಡು ನಾನು ಬಿಡಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದವಳು ಸರದಿಂದ ಬಿಲ್ಲೆಯನ್ನು ಬಿಡಿಸಿ, ದೇವರ ಗೂಡಿನಲ್ಲಿದ್ದ ಕುಂಕುಮದ ಬಟ್ಟಲಿನೊಳಗೆ ಹಾಕಿ ಮುಚ್ಚಳ ಮುಚ್ಚಿದೆ. "ಎರಡು ದಿನ ಮನೇಲಿರಮ್ಮ ತಾಯಿ. ನಾನೂ ಒಂದ್ಸಲ ನನ್ ಗಂಡನ್ ಜೊತೆ ಒಬ್ಳೇ ಹೋಗ್ಬರ್ತೀನಿ" ಎಂದು ಮೆಲ್ಲಗೆ ಹೇಳಿದೆ. ಗಿಳಿಹಸಿರು ಬಣ್ಣದ ಹೊಸ ಸೀರೆಯನ್ನು ಯಾರಿಗೂ ಮುಟ್ಟಿಸದೆ ಉಟ್ಟುಕೊಂಡೆ. ಇದಕ್ಕೆ ನನಗೆ ಆಗಲೂ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ. ಎರಡು ದಿನ ಗಂಡ ನನ್ನೊಬ್ಬಳ ಮುಖ ನೋಡಬೇಕು ಎನ್ನುವುದು ಅಷ್ಟು ದೊಡ್ಡ ಆಸೆಯೇನಲ್ಲ.

ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ತುಮಕೂರಿಗೆ ಬಂದು, ಶೆಟ್ಟಿಹಳ್ಳಿಯಲ್ಲಿ ಬ್ಯಾಗು ಇಟ್ಟು, ಆಟೋ ಮಾಡಿಕೊಂಡು ದೇವರಾಯನದುರ್ಗಕ್ಕೆ ಹೋದೆವು. ಬೆಟ್ಟದ ಮೇಲೆ ಗಾಳಿ ಚೆನ್ನಾಗಿತ್ತು. ನಾನು ಸೆಲ್ಫಿ ತೆಗೆಯುತ್ತಿದ್ದೆ. ಇವರು ಬಂಡೆಯ ಅಂಚಿನಲ್ಲಿ ನಿಂತು ಗುಬ್ಬಿಯ ದಿಕ್ಕಿಗೆ ನೋಡಿ ಒಂದು ನಿಟ್ಟುಸಿರು ಬಿಟ್ಟರು. ಗುಬ್ಬಿಯ ದಿಕ್ಕು ಯಾವುದು ಎಂದು ನನಗೇನೂ ಗೊತ್ತಿರಲಿಲ್ಲ, ಆದರೂ ಹಾಗೆ ಅನ್ನಿಸಿತು.

"ಅವ್ರ ಜೊತೆ ಬಂದಿದ್ರೇನ್ರೀ ಇಲ್ಲಿಗೆ?" ಎಂದು ಕೇಳಿಯೇಬಿಟ್ಟೆ.

"ಎಲ್ಲೋದ್ರೂ ಇದೇನಾ ನಿಂದು? ಉಸ್ರು ಬಿಡೋಂಗೂ ಇಲ್ವಾ?" ಎಂದು ರೇಗಿದರು. ಬೆಟ್ಟ ಇಳಿಯುವಾಗ ಆಟೋದವನು ಪಾಪ, ಹಾಡು ಹಾಕಿದವನು ನಮ್ಮ ಮುಖ ನೋಡಿ ಆರಿಸಿಬಿಟ್ಟ.

ಸಂಜೆ ಅಮಾನಿಕೆರೆಯ ಪಾರ್ಕಿನಲ್ಲಿ ಕೂತಿದ್ದೆವು. ಅಲ್ಲಿಯವರೆಗೂ ಮುಖ ಊದಿಸಿಕೊಂಡಿದ್ದವಳಿಗೆ ಇದ್ದಕ್ಕಿದ್ದಂತೆ ಮನಸ್ಸು ಹಗುರಾಯಿತು. ಜ್ವರ ಬಿಟ್ಟ ಮೇಲೆ ಹಸಿವಾಗುತ್ತದಲ್ಲ, ಹಾಗೆ. ನಗು ಬಂತು, ಹಸಿವೂ ಆಯಿತು. ದಾಬಸ್‌ಪೇಟೆ ರಸ್ತೆಯಲ್ಲಿ ಯಾವುದೋ ಹೊಸ ಎ.ಸಿ. ಹೋಟೆಲು ಚೆನ್ನಾಗಿದೆ ಎಂದು ದೊಡ್ಡಪ್ಪನ ಮಗ ಹೇಳಿದ್ದನಂತೆ, ಅಲ್ಲಿಗೆ ಆಟೋ ಹತ್ತಿದೆವು. ಸ್ವಲ್ಪ ದೂರ ಹೋಗಿರಬೇಕು, ನಾನು "ಇಲ್ಲೇ ನಿಲ್ಸಪ್ಪ" ಎಂದೆ.

ಇಳಿದವಳು ಮುಂದೆ ನಡೆದೆ. ಹಿಂದೆ ಅವರು "ಎಲ್ಲಿಗೆ?" ಎನ್ನುತ್ತಾ ಬರುತ್ತಿದ್ದರು. ಮಂಡಿಪೇಟೆ ಕಡೆಯ ಗಲ್ಲಿಗಳು, ಮೂಟೆ ಇಳಿಸುವ ಲಾರಿಗಳು. ಎರಡು ಕಡೆ ತಿರುಗಿದೆ. ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ಮಧ್ಯೆ ಒಬ್ಬರು ಮಾತ್ರ ಹತ್ತುವಂಥ ಕಿರಿದಾದ ಮೆಟ್ಟಿಲು. ಕೆಳಗೆ ಬೋರ್ಡು ಕೂಡ ಇರಲಿಲ್ಲ. ಹತ್ತಿದೆ. ಮೇಲೆ ಹಳೆಯ ಕಾಲದ ಹೋಟೆಲು, ಕಲ್ಲು ಹಾಸಿನ ಮೇಜುಗಳು. ಯಾರನ್ನೂ ಕೇಳದೆ ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ಕೈ ತೊಳೆದುಕೊಂಡು ಬಂದು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತೆ. ಒಂದೇ ಒಂದು ಮಸಾಲೆ ದೋಸೆ ಹೇಳಿದೆ. ಇದೆಲ್ಲ ನನಗೆ ಚೆನ್ನಾಗಿ ನೆನಪಿದೆ, ಎಚ್ಚರ ತಪ್ಪಿದ್ದೆ ಎನ್ನುವಂತಿಲ್ಲ. ದಿನಾ ಮಾಡುವ ಕೆಲಸದ ಹಾಗೆ ಇತ್ತು.

ದೋಸೆ ಬಂತು. ಅದರ ಗರಿಗರಿ ಅಂಚನ್ನು ಸುತ್ತಲೂ ಮುರಿದು ನಾನು ತಿಂದೆ. ಪಲ್ಯವಿದ್ದ ಮೆತ್ತನೆಯ ನಡುಭಾಗವನ್ನು ತಟ್ಟೆ ಸಮೇತ ಅವರ ಮುಂದೆ ಸರಿಸಿದೆ. ನಾನು ಎಂಜಲಿನ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಗಂಡನಿಗಿರಲಿ, ತಂಗಿಗೂ ಕಚ್ಚಿದ್ದು ಕೊಟ್ಟವಳಲ್ಲ. ಅವತ್ತು ಮಾತ್ರ ಕೈ ತಾನಾಗಿ ಸರಿಸಿತು.

ಅವರು ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟವನ್ನು ಹೇಗೆ ಹೇಳಲಿ? ಒಂದು ವರ್ಷ ಒಂದೇ ಮನೆಯಲ್ಲಿದ್ದರೂ ನಮ್ಮವರು ನನ್ನನ್ನು ಹಾಗೆ ನೋಡಿರಲಿಲ್ಲ. ಕಣ್ಣು ತುಂಬಿ ಬಂದಿತ್ತು. ಬೀದಿಯಲ್ಲಿ ಪಕ್ಕ ನಡೆಯಲೂ ನಾಚುವ ಮನುಷ್ಯ, ಸಪ್ಲೈಯರ್ ಎದುರಿಗೇ ನನ್ನ ಕೈ ಹಿಡಿದುಕೊಂಡರು. ತಿಂದು ಮುಗಿಸುವವರೆಗೂ ಬಿಡಲಿಲ್ಲ, ನೀರನ್ನೂ ಎಂಜಲುಗೈಯಲ್ಲೇ ಕುಡಿದರು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು.

ಕೆಳಗೆ ಇಳಿದ ಮೇಲೆ ಅವರು ಚಪ್ಪಲಿ ಅಂಗಡಿಯ ಮುಂದೆ ನಿಂತು ಕೇಳಿದರು. "ಈ ಹೋಟ್ಲು ನಿಂಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಸುಮ್ನೆ ಬಂದೆ."

"ಗಿರಿಜನ್ನ ಗುಬ್ಬಿಯಿಂದ ಕರ್ಕೊಂಡ್ ಬರೋವಾಗೆಲ್ಲ ಇಲ್ಲಿಗೆ ಬರ್ತಿದ್ವಿ. ಮನೇಲಿ ಬಸ್ಸು ಲೇಟು ಅಂತ ಹೇಳ್ತಿದ್ವಿ. ಅಮ್ಮಂಗೂ ಗೊತ್ತಿಲ್ಲ ಕಣೇ ಇದು. ಅಂಚೆಲ್ಲ ಅವ್ಳು ಮುರ್ಕೊಂಡು ನಡುವಿಂದು ನಂಗೆ ತಳ್ತಿದ್ಲು."

ನನಗೆ ಹೆದರಿಕೆಗಿಂತ ಮೊದಲು ಬಂದದ್ದು, ಸುಳ್ಳು ಯಾಕೆ, ಹೊಟ್ಟೆಕಿಚ್ಚು. ಕೆರೆಯ ಹತ್ತಿರ ಬಿಟ್ಟು ಹೋಗಿದ್ದ ಆ ಉರಿ ಗಲ್ಲಿಯಲ್ಲಿ ನಿಂತಲ್ಲೇ ಮತ್ತೆ ಮೈತುಂಬ ಹತ್ತಿಕೊಂಡಿತು. ಮದುವೆಯಾದ ಮೇಲೆ ನಾನು ಆ ಉರಿಯಿಲ್ಲದೆ ಇದ್ದದ್ದು ಆ ಒಂದು ಸಂಜೆ ಮಾತ್ರ. ಹಾಗಿದ್ದರೆ ಆ ಸಂಜೆ ಇದ್ದವಳು ನಾನು ಹೌದೋ ಅಲ್ಲವೋ ಎನ್ನುವುದು ಈಗಲೂ ನನ್ನನ್ನು ಕಾಡುತ್ತದೆ.

ನಾನು ವಿಜ್ಞಾನದ ಟೀಚರು. ಮಾರನೆಯ ದಿನ ಪರೀಕ್ಷೆ ಮಾಡಿಯೇ ಬಿಡೋಣ ಎಂದು ತಿಂಡಿಗೆ ಅಲ್ಲಿಗೇ ಹೋಗೋಣ ಎಂದೆ. ಆಟೋ ಇಳಿದರೆ ದಾರಿಯೇ ತಿಳಿಯದು. ಮೂರು ಗಲ್ಲಿ ಸುತ್ತಿದ ಮೇಲೆ ಅವರೇ ತೋರಿಸಿದರು. ಕೈ ತೊಳೆಯುವ ಜಾಗ ಎಲ್ಲಿ ಎಂದು ನಾನು ಸಪ್ಲೈಯರನ್ನು ಕೇಳಬೇಕಾಯಿತು. ದೋಸೆ ಬಂದಾಗ ಬೇಕೆಂದೇ ಅಂಚು ಮುರಿದು ತಟ್ಟೆಯನ್ನು ಅವರ ಮುಂದೆ ಸರಿಸಿದೆ. ಅವರು ನನ್ನ ಮುಖವನ್ನು ನೋಡಿದರು. ಏನನ್ನೋ ಕಾಯುವವರ ಹಾಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕದ ಮೇಜಿನ ಮೇಲಿದ್ದ ಪೇಪರು ತೆಗೆದುಕೊಂಡು ಓದತೊಡಗಿದರು.

ಊರಿಗೆ ಬಂದ ಮೇಲೆ ಅತ್ತೆಗೆ ನನ್ನ ಕತ್ತು ನೋಡಿದ ಕೂಡಲೇ ಗೊತ್ತಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಹೋಟೆಲಿನ ಗುಟ್ಟು ಬಿಟ್ಟು, ಆ ಸಂಜೆ ನಾನು ನಾನಾಗಿರಲಿಲ್ಲ ಎನ್ನುವುದನ್ನು ಅಷ್ಟೋ ಇಷ್ಟೋ ಹೇಳಿದೆ. ಅವರು ಕುಂಕುಮದ ಬಟ್ಟಲಿನಿಂದ ಬಿಲ್ಲೆ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಅದು ನಿನ್ ಕತ್ನಲ್ಲಿದ್ರೆ ಅವ್ಳಿಗೂ ಒಂದು ಜಾಗ ಅಂತ ಇರ್ತದೆ ಕಣವ್ವ. ಅದ್ನೂ ಬಿಚ್ಚಿಟ್ ಹೋದ್ರೆ ಅವ್ಳು ಎಲ್ಲಿ ಕೂತ್ಕಬೇಕು ಹೇಳು" ಎಂದರು. ನಾನು ಕತ್ತು ಒಡ್ಡಿದೆ.

ಅತ್ತೆಯ ಮಾತು ನಂಬಬೇಕೋ ಬಿಡಬೇಕೋ ಗೊತ್ತಿಲ್ಲ. ತುಪ್ಪದ ವಾಸನೆ ಹಿಡಿದು ಆ ಮೆಟ್ಟಿಲು ಹತ್ತಿರಬಹುದು, ಕಿಟಕಿ ಪಕ್ಕ ಕೂರುವುದು ಎಲ್ಲರ ಅಭ್ಯಾಸ, ಹೀಗೆಲ್ಲ ಲೆಕ್ಕ ಹಾಕಿಕೊಂಡಿದ್ದೇನೆ. ಆ ಅಂಚು ಮುರಿದ ಕೈಗೆ ಮಾತ್ರ ಯಾವ ಲೆಕ್ಕವೂ ಹೊಂದುವುದಿಲ್ಲ. ನಾಲ್ಕಾರು ವರ್ಷಗಳಾದವು, ಒಬ್ಬ ಮಗಳಿದ್ದಾಳೆ, ಸಂಸಾರ ಚೆನ್ನಾಗಿಯೇ ನಡೆದಿದೆ. ನಮ್ಮವರು ಒಳ್ಳೆಯವರು. ಆದರೆ ಆ ನೋಟ ಮತ್ತೆ ಬರಲಿಲ್ಲ.

ಈಗ ಪ್ರತಿ ವರ್ಷ ಮದುವೆಯ ದಿನ ಹತ್ತಿರ ಬಂದಾಗ, ಎಲ್ಲಿಗೂ ಹೊರಡದ ಆ ಮನುಷ್ಯ ತಾವಾಗಿಯೇ ಕೇಳುತ್ತಾರೆ, "ತುಮ್ಕೂರಿಗೆ ಹೋಗ್ಬರಾಣ್ವೇನೇ?" ಮೈಸೂರಿಗೆ ಹೋಗೋಣ ಎಂದರೆ ಅಂಗಡಿ ನೆಪ ಹೇಳುತ್ತಾರೆ. ನಾನು ಪರೀಕ್ಷೆ ಪೇಪರು, ಮಗಳ ನೆಗಡಿ ಎಂದು ಏನೋ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಈ ವರ್ಷವೂ ಮೊನ್ನೆ ಕೇಳಿದರು. ನೀವು ಕರೆಯುತ್ತಿರುವುದು ಯಾರನ್ನು ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಕೇಳಿದರೆ ಅವರು ಸುಳ್ಳು ಹೇಳುವವರಲ್ಲ.