ಅಳುವವನ ಕ್ಯಾಸೆಟ್

ರಕ್ತ ತೆಗೆಯುವ ಮೊದಲು ಲ್ಯಾಬಿನ ಹುಡುಗಿ ನನ್ನ ತೋಳಿಗೆ ಹತ್ತಿಯಲ್ಲಿ ಸ್ಪಿರಿಟ್ ಒರೆಸಿದಳು. ಶಿವಮೊಗ್ಗದ ಆ ಲ್ಯಾಬಿನಲ್ಲಿ ವರ್ಷಕ್ಕೆರಡು ಸಲ ಹೀಗೆ ತೋಳು ಚಾಚಿ ಕೂರುತ್ತೇನೆ. ತಣ್ಣಗೆ ಮೂಗಿನೊಳಗೆಲ್ಲೋ ಚುಚ್ಚುವ ಆ ವಾಸನೆ ಬಂದ ಕೂಡಲೇ ನನಗೆ ಕಾಯಿಲೆ ನೆನಪಾಗುವುದಿಲ್ಲ, ಭಾನುವಾರ ನೆನಪಾಗುತ್ತದೆ. ಶೇಖರ ಮಾವ ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್ ರೆಕಾರ್ಡರಿನ ಹೆಡ್ ಒರೆಸುತ್ತಿದ್ದ. ಹತ್ತಿಗೆ ಅಂಟಿದ ಕಂದು ಕೊಳೆಯನ್ನು ನನ್ನ ಮುಖದ ಮುಂದೆ ಹಿಡಿದು, ಇದೆಲ್ಲ ಉದುರಿಹೋದ ಹಾಡು ನೋಡು ಎನ್ನುತ್ತಿದ್ದ. ಹಾಗೆ ಅನ್ನುತ್ತಿದ್ದನೇ? ಅಂದಿದ್ದರೆ ಚೆನ್ನಾಗಿರುತ್ತಿತ್ತು ಎನ್ನಿಸುವ ಮಾತುಗಳನ್ನು ಸತ್ತವರ ಬಾಯಿಗೆ ಹಾಕುವ ಚಟ ನನಗಿದೆ. ಕಡ್ಡಿ, ಹತ್ತಿ, ಕೊಳೆ, ಇವಿಷ್ಟಕ್ಕೆ ನಾನು ಜವಾಬ್ದಾರಳು. ಉಳಿದದ್ದನ್ನು ನೀವೇ ತೂಗಿ ನೋಡಿ.

ರಿಪೋರ್ಟಿಗೆ ಕಾಯುತ್ತ ಫೋನು ತೆರೆದೆ, ತೆರೆಯಬಾರದಿತ್ತು. ಕಾಲೇಜಿನ ಹಳಬರ ಗುಂಪಿನಲ್ಲಿ ಒಂದು ವಾರದಿಂದ ಒಂದೇ ಆಟ. ನಿಮ್ಮ ನೆಚ್ಚಿನ ಆಲ್ಬಮ್ ಯಾವುದು, ಯಾವ ರಾಕ್ ಸ್ಟಾರನ್ನು ಅಚಾನಕ್ ಎದುರಿಗೆ ಕಂಡಿದ್ದೀರಿ, ಬರೆಯಿರಿ. ಒಬ್ಬಳು ವಿಮಾನ ನಿಲ್ದಾಣದ ಎಸ್ಕಲೇಟರಿನಲ್ಲಿ ಯಾವನೋ ಡ್ರಮ್ಮರನ ಹಿಂದೆ ನಿಂತಿದ್ದಳಂತೆ, ಇನ್ನೊಬ್ಬ ಹೋಟೆಲಿನ ಲಿಫ್ಟಿನಲ್ಲಿ ಗಿಟಾರಿಸ್ಟನಿಗೆ ಗುಂಡಿ ಒತ್ತಿಕೊಟ್ಟನಂತೆ. ಎಲ್ಲದಕ್ಕೂ ಫೋಟೋ ಸಾಕ್ಷಿ. ಹಿಂದಿನ ದಿನ ನಾನೂ ತಡೆಯಲಾರದೆ ಬರೆದಿದ್ದೆ: ಒಬ್ಬ ಇಂಗ್ಲಿಷ್ ರಾಕ್ ಗಾಯಕ ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಮನೆಗೇ ಬಂದು ಒಗ್ಗರಣೆ ಅವಲಕ್ಕಿ ತಿಂದು ಹೋಗಿದ್ದ. ಅದರ ಕೆಳಗೆ ಇಪ್ಪತ್ತು ನಗುವ ಮುಖಗಳು. "ಮುಂದಿನ ಸಲ ಮಂಡಕ್ಕಿನೂ ತಿನ್ಸು ಮಾರಾಯ್ತಿ" ಎಂದು ಒಬ್ಬ. ಇದೇ ನಗು. ಮಾವ ಸಾಯುವ ತನಕ ಹೊತ್ತದ್ದು ಇದೇ ನಗುವನ್ನು. ಅವನು ಸುಳ್ಳುಗಾರನಲ್ಲ, ಪೆದ್ದನೂ ಅಲ್ಲ ಎಂದು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕೆಂದು ನಾನು ಕಾಯುತ್ತಲೇ ಬಂದಿದ್ದೇನೆ. ಹೇಳಬೇಕಾದವರು ಒಬ್ಬೊಬ್ಬರಾಗಿ ಖಾಲಿಯಾಗುತ್ತಿದ್ದಾರೆ.

ಆ ಮನೆ ಈಗ ಇಲ್ಲ, ಆ ಜಾಗದಲ್ಲಿ ಟೈಲ್ಸ್ ಗೋಡೌನು ಇದೆ. ಆಗ ಅಲ್ಲೊಂದು ಉದ್ದನೆಯ ಹಜಾರವಿತ್ತು, ಕೆಂಪು ಗಾರೆಯ ನೆಲ, ಗೋಡೆಗೆ ಒರಗಿಸಿದ ಕಬ್ಬಿಣದ ಮಡಿಸುವ ಕುರ್ಚಿಗಳು. ಶೇಖರ ಮಾವ ಅಮ್ಮನ ತಮ್ಮ, ಕಾರ್ಖಾನೆಯಲ್ಲಿ ಫಿಟ್ಟರ್, ನಮ್ಮ ಜೊತೆಯಲ್ಲೇ ಇದ್ದವನು. ಭಾನುವಾರ ಹತ್ತು ಗಂಟೆಗೆ ಅವನ ಕಾರ್ಖಾನೆಯ ಏಳೆಂಟು ಜನ ಸ್ನಾನ ಮುಗಿಸಿ, ತಲೆಗೂದಲು ಇನ್ನೂ ಒದ್ದೆಯಿರುವಾಗಲೇ ಬಂದು ಕೂರುತ್ತಿದ್ದರು, ಇಂಗ್ಲಿಷ್ ಹಾಡು ಕೇಳಲಿಕ್ಕೆ. ಡ್ರಾಯಿಂಗ್ ಆಫೀಸಿನ ಅರುಳ್ ಸಾರ್ ಹತ್ತಿರ ಗಿಟಾರ್ ಇತ್ತು, ಹಾಗಾಗಿ ಶ್ರುತಿಯ ವಿಷಯದಲ್ಲಿ ಅವರದೇ ಕೊನೆಯ ಮಾತು. ಕ್ರೇನ್ ಓಡಿಸುವ ಲಿಂಗಣ್ಣನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಅವನೇ ಎಲ್ಲರಿಗಿಂತ ಮೊದಲು ಬರುತ್ತಿದ್ದವನು. ನಿಯಮ ಒಂದೇ: ಕ್ಯಾಸೆಟ್ಟಿನ ಒಂದು ಸೈಡ್ ಹಾಕಿದರೆ ಪೂರ್ತಿ ಕೇಳಬೇಕು. ನಡುವೆ ಮಾತಿಲ್ಲ, ಫಾರ್ವರ್ಡ್ ಇಲ್ಲ. ಅಮ್ಮ ಒಗ್ಗರಣೆಯ ಬಾಣಲೆ ಒಲೆಯ ಮೇಲಿಟ್ಟುಕೊಂಡು, ಸೈಡ್ ಮುಗಿದ ಕಟ್ ಸದ್ದು ಕೇಳಿದ ಮೇಲೆಯೇ ಸಾಸಿವೆ ಹಾಕುತ್ತಿದ್ದಳು.

ಆ ಕ್ಯಾಸೆಟ್ಟುಗಳು ಯಾವುವೂ ಅಂಗಡಿಯವಲ್ಲ. ಕಾರ್ಖಾನೆಯ ಎಂಜಿನಿಯರೊಬ್ಬರು ತಮ್ಮ ಅಸಲಿ ಕ್ಯಾಸೆಟ್ಟನ್ನು ಕವರಿಲ್ಲದೆ, ಒಂದೇ ಒಂದು ದಿನದ ಮಟ್ಟಿಗೆ ಕೊಡುತ್ತಿದ್ದರು. ಮಾವ ತನ್ನ ಕೋಣೆಯ ಹಳೆಯ ಡೆಕ್ಕಿನಲ್ಲಿ ಪ್ರತಿ ಮಾಡಿ, ವಾಪಸು ಕೊಟ್ಟು, ಆಮೇಲೆ ಎಲ್ಲರಿಗೂ ಒಂದೊಂದು ಪ್ರತಿ ತೆಗೆದು ಹಂಚುತ್ತಿದ್ದ. ಹೀಗಾಗಿ ನಮಗೆ ಆಲ್ಬಮ್ಮಿನ ಹೆಸರು ಗೊತ್ತಿರಲಿಲ್ಲ, ಹಾಡುವವರ ಮುಖವಂತೂ ಕನಸಿನಲ್ಲೂ ಕಂಡಿರಲಿಲ್ಲ. ಎಂಜಿನಿಯರು ಬಾಯಲ್ಲಿ ಹೇಳಿದ ತಂಡದ ಹೆಸರಷ್ಟೇ ನಮ್ಮ ಆಸ್ತಿ. ಕ್ಯಾಸೆಟ್ಟುಗಳಿಗೆ ಹೆಸರುಗಳನ್ನು ನಾವೇ ಇಟ್ಟುಕೊಂಡೆವು: ಗಾಳಿ ಕ್ಯಾಸೆಟ್, ರೈಲು ಕ್ಯಾಸೆಟ್. ಎಲ್ಲರಿಗೂ ಪ್ರಾಣವಾಗಿದ್ದದ್ದು ಅಳುವವನ ಕ್ಯಾಸೆಟ್. ಅದರಲ್ಲಿ ಹಾಡುವವನ ಗಂಟಲು ತೆಳ್ಳಗೆ, ಇನ್ನೇನು ಒಡೆಯುತ್ತದೆ ಎನ್ನುವ ಹಾಗೆ ನಡುಗುತ್ತಿತ್ತು. ಹೆಂಡತಿ ತೀರಿಕೊಂಡ ವರ್ಷ ಲಿಂಗಣ್ಣ ಬೇರೆ ಯಾವುದನ್ನೂ ಹಾಕಲು ಬಿಡಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ಒಂದು ಸೈಡ್ ಪೂರ್ತಿ ಅಳುತ್ತಿದ್ದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಸೈಡ್ ಮುಗಿದ ಮೇಲೆ ಅವನು ಎದ್ದು, ಮುಖ ತೊಳೆದು, ಎಲ್ಲರಿಗಿಂತ ಜಾಸ್ತಿ ಅವಲಕ್ಕಿ ತಿನ್ನುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಮಾವ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿದ್ದವನು ಹತ್ತೂವರೆಗೆ ಒಬ್ಬ ಬಿಳಿಯನನ್ನು ಕರೆದುಕೊಂಡು ಬಂದ. ಡೆಕ್ಕಿನ ಬೆಲ್ಟ್ ಸಡಿಲವಾಗಿದೆಯೆಂದು ಹೊಸದು ಹುಡುಕಿಕೊಂಡು ಹೋಗಿದ್ದ ಎಂದು ನನ್ನ ನೆನಪು ಹೇಳುತ್ತದೆ. ಇದನ್ನು ನಂಬಬೇಡಿ. ಮುಂದಿನದಕ್ಕೆ ಇಷ್ಟು ಚೆನ್ನಾಗಿ ಹೊಂದುವ ಯಾವುದನ್ನೂ ನಾನು ನಂಬುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದನಂತೆ ಆ ಮನುಷ್ಯ. ಜೋಗ ನೋಡಿಕೊಂಡು ಬೀರೂರಿಗೆ ರೈಲು ಹಿಡಿಯಲು ಹೊರಟಿದ್ದ. ಏನು ಕೆಲಸ ಎಂದು ಮಾವ ಕೇಳಿದ್ದಕ್ಕೆ ಹಾಡುತ್ತೇನೆ ಎಂದು ತಂಡದ ಹೆಸರು ಹೇಳಿದ. ಮಾವ ಅವನ ಚೀಲವನ್ನು ತಾನೇ ಹೊತ್ತು ಇಳಿಸಿಬಿಟ್ಟ. ಬಾಗಿಲಲ್ಲಿ ನಿಂತು, ಉಸಿರು ಸಿಗದೆ, "ಅಳುವವನು ಬಂದಿದ್ದಾನೆ" ಎಂದ.

ಬಂದವನ ಕಾಲಿನ ಗಂಟಿನ ಸುತ್ತ ಸೊಳ್ಳೆ ಕಚ್ಚಿದ ಗುರುತುಗಳಿದ್ದವು. ಮುಖ ನೆನಪಿಲ್ಲ. ಅಮ್ಮ ಕಾಫಿ ಕೊಟ್ಟಳು. ಗೌರವಕ್ಕೆಂದು ಅವನ ಎದುರಿಗೇ ಅವನ ಕ್ಯಾಸೆಟ್ ಹಾಕಿದರು. ಎರಡನೆಯ ಹಾಡಿಗೆ ಅವನಿಗೆ ನಗು ಬಂತು. ಕೆಟ್ಟ ನಗುವೇನಲ್ಲ, ಆದರೆ ಲಿಂಗಣ್ಣ ಗೋಡೆಯ ಕಡೆಯಿಂದ ತಿರುಗಿ ನೋಡಿದ ರೀತಿ ನೆನೆದರೆ ನನಗೆ ಇವತ್ತಿಗೂ ಹೆದರಿಕೆ. ಆ ಮನುಷ್ಯ ಟೇಪ್ ರೆಕಾರ್ಡರನ್ನು ತೋರಿಸಿ ಬೆರಳನ್ನು ಗಾಳಿಯಲ್ಲಿ ಗರಗರನೆ ತಿರುಗಿಸಿದ. ಅಮ್ಮ ಅವನಿಗೆ ಕನ್ನಡದಲ್ಲೇ, ನಮ್ಮನೇಲಿ ಫಾರ್ವರ್ಡ್ ಮಾಡಲ್ಲಪ್ಪ, ಪೂರ್ತಿ ಕೇಳಬೇಕು, ಎಂದು ವಿವರಿಸಿದಳು. ಅವನು ಪೂರ್ತಿ ಕೇಳಿದ, ಅಮ್ಮ ಕೊಟ್ಟ ಅವಲಕ್ಕಿ ತಿಂದ. ಆಮೇಲೆ ಅರುಳ್ ಸಾರ್ ತಮ್ಮ ಗಿಟಾರನ್ನು ಅವನ ಕೈಗಿಟ್ಟರು. ಅದನ್ನು ಅವರು ನಮ್ಮ ಕ್ಯಾಸೆಟ್ಟಿಗೆ ಶ್ರುತಿ ಮಾಡಿಟ್ಟಿದ್ದರು. ಅವನು ಒಂದು ಸಲ ಮೀಟಿ, ತಲೆಯಾಡಿಸಿ, ಆರೂ ತಂತಿಗಳನ್ನು ಒಂದೊಂದಾಗಿ ಸಡಿಲಿಸಿದ. ಹಾಡಿದ. ಗಂಟಲು ದಪ್ಪಗಿತ್ತು, ನಿಧಾನವಾಗಿತ್ತು, ಅದರಲ್ಲಿ ಅಳುವೇ ಇರಲಿಲ್ಲ.

ಅರುಳ್ ಸಾರ್ ಹಾಡು ಮುಗಿಯುವ ತನಕವೂ ಕಾಯಲಿಲ್ಲ. "ಶೇಖರಾ, ಇವನು ಅವನಲ್ಲ ಪಾ. ಶ್ರುತಿನೇ ಸೇರ್ತಿಲ್ಲ. ಯಾರೋ ನಿನ್ನ ಏಮಾರಿಸಿದ್ದಾನೆ."

ಮಾವ ಚೀಲ ಎತ್ತಿಕೊಂಡು ಅತಿಥಿಯನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದ. ಮಾರನೆಯ ದಿನದಿಂದ ಕಾರ್ಖಾನೆಯಲ್ಲಿ ಶುರುವಾಯಿತು. ಏನ್ ಮಾರಾಯಾ, ಈ ವಾರ ಯಾವ ಸ್ಟಾರನ್ನ ಇಳಿಸ್ತೀಯ. ಹೊಳಲೂರಿನಲ್ಲಿ ಮಾವನಿಗೆ ಹೆಣ್ಣು ನೋಡಲು ಹೋದಾಗ ಅಲ್ಲಿಗೂ ಈ ಕಥೆ ಮೊದಲೇ ಮುಟ್ಟಿತ್ತು. ಕೇಳಿದರೆ ಅವನು, ಹೌದು, ನನಗೆ ಮೋಸ ಆಯ್ತು, ಎಂದುಬಿಡುತ್ತಿದ್ದ. ನಾನೂ ಸ್ಕೂಲಿನಲ್ಲಿ ಅವನ ನಡಿಗೆ, ಅವನ ಉಸಿರು ಸಿಗದ ಮಾತು ಎಲ್ಲವನ್ನೂ ಅನುಕರಿಸಿ ಗೆಳತಿಯರನ್ನು ನಗಿಸಿದೆ.

ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದಾಗ ಗುಂಪಿನಲ್ಲಿ ಯಾರೋ ತಮ್ಮ ನೆಚ್ಚಿನ ಆಲ್ಬಮ್ಮೊಂದನ್ನು ಹಾಕಿದರು. ತಂಡದ ಹೆಸರು ನೋಡಿ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅದೇ ಗಿಟಾರ್, ಅದೇ ಸಾಲುಗಳು. ಆದರೆ ಗಂಟಲು ದಪ್ಪ, ನಿಧಾನ. ಒಂದೊಂದು ಹಾಡೂ ನನ್ನ ನೆನಪಿಗಿಂತ ಉದ್ದ. ಮಾವನ ಡೆಕ್ಕು ನಿಧಾನವಾಗಿ ತಿರುಗುತ್ತ ರೆಕಾರ್ಡ್ ಮಾಡಿತ್ತು, ಹಜಾರದ ಟೇಪ್ ರೆಕಾರ್ಡರ್ ಸೆಟ್ಟು ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಎಲ್ಲ ಅವಸರವಾಗಿ, ಎಲ್ಲ ತೆಳ್ಳಗಾಗಿ ಕೇಳಿತ್ತು. ಇಷ್ಟೇ. ಬಂದವನು ಅವನೇ. ಸಂತೋಷವಾಗಬೇಕಿತ್ತು, ಆದರೆ ಬಂದದ್ದು ಸಿಟ್ಟು. ಬೇರಿಂಗಿನ ಸದ್ದು ಕೇಳಿಯೇ ಮಿಷನ್ನಿನ ಕಾಯಿಲೆ ಹೇಳುತ್ತಿದ್ದ ಫಿಟ್ಟರಿಗೆ ತನ್ನ ಕೋಣೆಯ ಡೆಕ್ಕಿನ ಕಾಯಿಲೆ ಕೇಳಿಸಲಿಲ್ಲವೇ? ಇನ್ನೂ ಸಿಟ್ಟು ಬಂದದ್ದು ನನ್ನ ಮೇಲೆಯೇ. ಫೋನಿನ ಧ್ವನಿ ಕಿವಿಗೆ ಬಿದ್ದ ಕ್ಷಣದಿಂದ, ಆ ಭಾನುವಾರ ನಮ್ಮ ಹಜಾರದಲ್ಲಿ ಕೇಳಿದ ಧ್ವನಿ ಅಳಿಸಿಹೋಯಿತು. ದಪ್ಪಗಿತ್ತು, ನಿಧಾನವಾಗಿತ್ತು ಎಂದು ಮೇಲೆ ಬರೆದೆನಲ್ಲ, ಅದು ಆಗ ಕೇಳಿದ್ದೋ ಈಗ ಕೇಳಿದ್ದೋ ಬೇರ್ಪಡಿಸಲಾರೆ.

ರಿಪೋರ್ಟ್ ಇಸಿದುಕೊಳ್ಳದೆ ಆಟೋ ಹತ್ತಿದೆ. ಅರುಳ್ ಸಾರ್ ಈಗ ಶಿವಮೊಗ್ಗದಲ್ಲೇ ಮಗಳ ಮನೆಯಲ್ಲಿದ್ದಾರೆ, ಎಂಬತ್ತು ದಾಟಿದೆ. ಫೋನನ್ನು ಅವರ ಕಿವಿಯ ಹತ್ತಿರ ಇಟ್ಟೆ. ಒಂದು ಸೈಡಿನಷ್ಟನ್ನು ಅವರು ಕಣ್ಣು ಮುಚ್ಚಿ, ಮಾತಿಲ್ಲದೆ ಪೂರ್ತಿ ಕೇಳಿದರು. ಮುಗಿದ ಮೇಲೆ ನಾನು ಎಲ್ಲವನ್ನೂ ವಿವರಿಸಿದೆ. ಮಾವ ಹೇಳಿದ್ದು ನಿಜ ಅಂತ ಈಗಲಾದರೂ ಹೇಳಿ ಸಾರ್ ಎಂದು ಕೇಳಿದೆ.

"ಗೊತ್ತಿತ್ತು ಮಾ," ಎಂದರು. "ಅವನಿಗೇ ಗೊತ್ತಿತ್ತು."

ಆ ಹಾಡುಗಾರ ಬಂದುಹೋದ ವಾರದಲ್ಲೇ ಮಾವ ಅವರ ಮನೆಗೆ ಬಂದಿದ್ದನಂತೆ. ನನ್ನ ಅಮ್ಮನ ಹತ್ತಿರ ನಾಲ್ಕು ಮಾತಾಡಿಸಿ ಡೆಕ್ಕಿನಲ್ಲಿ ರೆಕಾರ್ಡ್ ಮಾಡಿ, ಹಜಾರದ ಸೆಟ್ಟಿನಲ್ಲಿ ಹಾಕಿ ನೋಡಿದನಂತೆ. ಅಕ್ಕನ ದನಿ ಹತ್ತು ವರ್ಷ ಚಿಕ್ಕದಾಗಿ ಕೇಳಿತಂತೆ. ಅರುಳ್ ಸಾರ್ ಎಲ್ಲರಿಗೂ ಹೇಳೋಣ ಎಂದರೆ ಮಾವ ಬೇಡವೆಂದ. ಮಾವನ ಮಾತನ್ನು ಅವರು ಅವನದೇ ದನಿಯಲ್ಲಿ ಹೇಳಿದರು: "ಲಿಂಗಣ್ಣನಿಗೆ ಏನಂತ ಹೇಳ್ಲಿ ಸಾರ್? ಅವನ ಜೊತೆ ಅಳ್ತಿದ್ದಿದ್ದು ಮೋಟಾರು ಅಂತಾನಾ?"

ಮಾವ ಸತ್ತ ಮೇಲಾದರೂ ಹೇಳಬಹುದಿತ್ತಲ್ಲ ಎಂದೆ. ಅಷ್ಟು ಹೊತ್ತಿಗೆ ಲಿಂಗಣ್ಣನೂ ಇರಲಿಲ್ಲ, ಕೇಳುವವರು ಯಾರಿದ್ದರು ಎಂದರು. ನಾನಿದ್ದೆ. ಹಾಗೆನ್ನಲಿಲ್ಲ. ಅವರು ಹೇಳಿದ ಈ ಕಥೆಯಲ್ಲಿ ಅವರೇ ಎಷ್ಟು ಸುಲಭವಾಗಿ ತಪ್ಪಿನಿಂದ ಬಿಡುಗಡೆಯಾಗುತ್ತಾರೆ ಎನ್ನುವುದೂ ನನಗೆ ಕಾಣುತ್ತಿತ್ತು. ಕೇಳಿ ನೋಡೋಣವೆಂದರೆ ಅಮ್ಮನಿಲ್ಲ. ಗುಂಪಿನಲ್ಲಿ ಹಾಕಲು ನನ್ನ ಹತ್ತಿರ ಏನೂ ಇಲ್ಲ. ಇದ್ದರೂ ಹಾಕುವ ಹಕ್ಕು ನನಗಿದೆಯೇ, ಅದೂ ಗೊತ್ತಿಲ್ಲ.

ಆ ಘಟನೆಯ ನಂತರವೂ ಭಾನುವಾರಗಳು ಕೆಲವು ವರ್ಷ ನಡೆದವು. ಮಾವ ಮಾತ್ರ ಒಳಗೆ ಕೂರುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಯಾರದೋ ಸೈಕಲ್ ಪೆಡಲನ್ನೋ ಮಿಕ್ಸಿಯನ್ನೋ ಬಿಚ್ಚಿಕೊಂಡು ಕೂತಿರುತ್ತಿದ್ದ. ಬಾಗಿಲಿನಿಂದ ಅವನ ಒಂದು ಪಾದವಷ್ಟೇ ಕಾಣುತ್ತಿತ್ತು. ಒಳಗೆ ಅಳುವವನು ಹಾಡುತ್ತಿದ್ದರೆ ಆ ಪಾದ ತಾಳ ಹಾಕುತ್ತಿತ್ತು, ಹಾಡಿಗಿಂತ ಸ್ವಲ್ಪ ನಿಧಾನವಾಗಿ. ನಾಲ್ಕು ಪೆಟ್ಟು ಕಳೆಯುವಷ್ಟರಲ್ಲಿ ಹಿಂದೆ ಬಿದ್ದು, ನಿಂತು, ಮತ್ತೆ ಮೊದಲಿನಿಂದ. ಕಂಡದ್ದೋ ಕಟ್ಟಿಕೊಂಡದ್ದೋ ಆಣೆ ಮಾಡಲಾರೆ. ಮಾವನಿಗೆ ತಾಳವೂ ಬರುವುದಿಲ್ಲ ನೋಡು ಎಂದು ನಾನು ಸದ್ದಿಲ್ಲದೆ ಅಮ್ಮನಿಗೆ ಆ ಪಾದ ತೋರಿಸಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಅಮ್ಮ ನಗಲಿಲ್ಲ. ಸೈಡ್ ಇನ್ನೂ ಮುಗಿದಿರಲಿಲ್ಲ, ಮಾತಾಡುವ ಹಾಗಿರಲಿಲ್ಲ. ನನ್ನ ರಟ್ಟೆ ಹಿಡಿದು ಬಾಗಿಲಿನಿಂದ ಈಚೆಗೆ ಎಳೆದುಕೊಂಡಳು, ಹಾಡು ಮುಗಿಯುವ ತನಕ ಬಿಡಲಿಲ್ಲ.